ಸರ್ವಿಸ್ ‘ರನ್ನಿಂಗ್’, ಕೆಲಸ ಮಾತ್ರ ನಿಂತಿದೆ

ಸರ್ವರಿನ ಹಿನ್ನೆಲೆಯಲ್ಲಿ ತಾನಾಗಿ ಓಡುವ ಪ್ರೋಗ್ರಾಂ, ಅಂದರೆ ಸರ್ವಿಸ್, ಕೆಟ್ಟರೆ ಯಾರಿಗೂ ತಕ್ಷಣ ಗೊತ್ತಾಗುವುದಿಲ್ಲ. ಅದಕ್ಕೆ ಸ್ಕ್ರೀನ್ ಇಲ್ಲ, ಬಟನ್ ಇಲ್ಲ, ಎದುರಿಗೆ ಕೂತು ಕಾಯುವ ಮನುಷ್ಯ ಇಲ್ಲ. ಐದು ನಿಮಿಷಕ್ಕೊಮ್ಮೆ ಎದ್ದು ಒಂದು ಫೋಲ್ಡರ್ ನೋಡಬೇಕು, ಅಲ್ಲಿ ಬಂದ ಫೈಲುಗಳನ್ನು ಓದಿ ಡೇಟಾಬೇಸಿಗೆ ಹಾಕಬೇಕು, ಮತ್ತೆ ಮಲಗಬೇಕು. ಅಷ್ಟೇ ಅದರ ಕೆಲಸ. ಅದು ಏಳುವುದನ್ನು ನಿಲ್ಲಿಸಿದರೆ ಗೊತ್ತಾಗುವುದು ಎಷ್ಟೋ ಹೊತ್ತಿನ ಮೇಲೆ, ಬೇರೆಲ್ಲೋ, ಬೇರೆ ಯಾರಿಗೋ. "ನಿನ್ನೆಯಿಂದ ರಿಪೋರ್ಟಿನಲ್ಲಿ ಏನೂ ಬರ್ತಿಲ್ವಲ್ಲ?" ಅಂತ ಒಂದು ಫೋನ್ ಬರುತ್ತದೆ. ಸರ್ವರ್ ಒಳಗೆ ಹೋಗಿ ನೋಡಿದರೆ ಪಟ್ಟಿಯಲ್ಲಿ ಸರ್ವಿಸ್ ಮುಂದೆ ‘ರನ್ನಿಂಗ್’ ಅಂತಲೇ ಇದೆ. ಲಾಗಿನಲ್ಲಿ ಎರರ್ ಇಲ್ಲ. ಸಿಪಿಯು ಸೊನ್ನೆಯ ಹತ್ತಿರ. ರೀಸ್ಟಾರ್ಟ್ ಮಾಡಿದರೆ ಎಲ್ಲ ಸರಿಹೋಗುತ್ತದೆ, ಇನ್ನೊಂದು ಸಲ ನಿಲ್ಲುವ ತನಕ.

ಆ ರೀಸ್ಟಾರ್ಟ್ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಕೆಲಸ ನಿಂತಿದೆ, ಜನ ಕಾಯುತ್ತಿದ್ದಾರೆ, ರೀಸ್ಟಾರ್ಟ್ ಮಾಡಲೇಬೇಕು, ಒಪ್ಪುತ್ತೇನೆ. ಆದರೆ ಅದಕ್ಕೆ ಮುಂಚೆ ಒಂದೆರಡು ನಿಮಿಷ ಬಿಡುವು ಮಾಡಿಕೊಂಡು ಆ ಪ್ರಾಸೆಸ್‌ನ ಮೆಮೊರಿ ಡಂಪ್, ಅಂದರೆ ಆ ಕ್ಷಣ ಅದರ ಮೆಮೊರಿಯಲ್ಲಿ ಇದ್ದದ್ದರ ನಕಲು, ತೆಗೆದಿಟ್ಟುಕೊಳ್ಳಿ. ವಿಂಡೋಸಿನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು ಪ್ರಾಸೆಸ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಸಾಕು, ಡಂಪ್ ಫೈಲ್ ಮಾಡುವ ಆಯ್ಕೆ ಅಲ್ಲೇ ಇದೆ. ಜಾವಾ ಆದರೆ ಜೆಸ್ಟ್ಯಾಕ್ ಅನ್ನುವ ಉಪಕರಣ ಓಡಿಸಿದರೆ ಪ್ರತಿ ಥ್ರೆಡ್ (ಪ್ರೋಗ್ರಾಂ ಒಳಗೆ ಬೇರೆಯಾಗಿ ಓಡುವ ಕೆಲಸದ ಎಳೆ) ಈ ಕ್ಷಣ ಯಾವ ಸಾಲಿನಲ್ಲಿ ನಿಂತಿದೆ ಅಂತ ಹೇಳಿಬಿಡುತ್ತದೆ. ಇಂಥ ಸರ್ವಿಸ್ ನಿಂತಾಗ ಅದರೊಳಗೇ ಸಾಕ್ಷಿ ಇರುತ್ತದೆ. ಯಾವುದೋ ಥ್ರೆಡ್ ಎಲ್ಲೋ ಕಾಯುತ್ತಾ ನಿಂತಿರುತ್ತದೆ, ಇಲ್ಲವೇ ಇರಬೇಕಾದ ಥ್ರೆಡ್ಡೇ ಇರುವುದಿಲ್ಲ. ರೀಸ್ಟಾರ್ಟ್ ಮಾಡಿದ ಮರುಕ್ಷಣ ಅದೆಲ್ಲ ಅಳಿಸಿಹೋಗುತ್ತದೆ, ಆಮೇಲೆ ಉಳಿಯುವುದು ಬರೀ ಊಹೆ. ಎಷ್ಟೋ ತಂಡಗಳಲ್ಲಿ "ರಾತ್ರಿ ಒಂದು ಸಲ ತಾನಾಗಿ ರೀಸ್ಟಾರ್ಟ್ ಆಗುವ ಹಾಗೆ ಮಾಡಿಬಿಡೋಣ" ಅನ್ನುವುದೇ ಪರಿಹಾರ ಆಗಿಬಿಡುತ್ತದೆ. ನನಗೆ ಅದು ಯಾವತ್ತೂ ಸರಿ ಅನ್ನಿಸಿಲ್ಲ. ಕಾರಣ ಗೊತ್ತಿಲ್ಲದೆ ಮಾಡಿದ ರೀಸ್ಟಾರ್ಟ್ ತೊಂದರೆಯನ್ನು ಮುಂದೂಡುತ್ತದೆ, ಅದೂ ಎಲ್ಲಿಗೆ ಅಂತ ಹೇಳದೆ.

‘ರನ್ನಿಂಗ್’ ಅಂತ ತೋರಿಸುವ ವಿಂಡೋಸಿನ ಸರ್ವಿಸ್ ಕಂಟ್ರೋಲ್ ಮ್ಯಾನೇಜರಿಗೆ ನಿಜವಾಗಿ ಗೊತ್ತಿರುವುದು ತುಂಬಾ ಕಡಿಮೆ. ಪ್ರಾಸೆಸ್ ಶುರುವಾಯಿತು, ಶುರುವಾದೆ ಅಂತ ಉತ್ತರ ಕೊಟ್ಟಿತು, ಇನ್ನೂ ಬದುಕಿದೆ, ಅಷ್ಟೆ. ಐದು ನಿಮಿಷಕ್ಕೊಮ್ಮೆ ಎಬ್ಬಿಸುವ ಟೈಮರ್ ಒಂದು ಒಳಗಿದೆ ಅನ್ನುವುದೇ ಅದಕ್ಕೆ ಗೊತ್ತಿಲ್ಲ. ಹಾಗಾಗಿ ಆ ‘ರನ್ನಿಂಗ್’ ಪದವನ್ನು ನಂಬಿ ಯೋಚನೆ ಶುರು ಮಾಡಿದರೆ ದಾರಿ ತಪ್ಪುತ್ತದೆ. ನನ್ನ ಮಟ್ಟಿಗೆ ಕೇಳಬೇಕಾದ ಪ್ರಶ್ನೆಗಳ ಸರಪಳಿ ಬೇರೆ. ಟೈಮರ್ ಸದ್ದು ಮಾಡಿತೇ? ಮಾಡಿದ್ದರೆ ನಮ್ಮ ಕೋಡ್ ಅದನ್ನು ಕೇಳಿಸಿಕೊಂಡಿತೇ? ಕೇಳಿಸಿಕೊಂಡಿದ್ದರೆ ಕೆಲಸ ಶುರು ಮಾಡಿತೇ? ಶುರು ಮಾಡಿದ್ದರೆ ಮುಗಿಸಿತೇ? ಹೊರಗಿನಿಂದ ನೋಡಿದರೆ ನಾಲ್ಕೂ ಒಂದೇ ಮೌನ. ಒಳಗೆ ನಾಲ್ಕು ಬೇರೆ ಬೇರೆ ಕಾಯಿಲೆ.

ಮೊದಲನೆಯದು, ಟೈಮರ್ರೇ ಸದ್ದು ಮಾಡದಿರುವುದು. ಡಾಟ್ ನೆಟ್ ಜಗತ್ತಿನಲ್ಲಿ, ಅಂದರೆ ಮೈಕ್ರೋಸಾಫ್ಟಿನ ಪ್ರೋಗ್ರಾಮಿಂಗ್ ವೇದಿಕೆಯಲ್ಲಿ, ಇದಕ್ಕೆ ಹಳೆಯ ಕಾರಣವೊಂದಿದೆ. ಅಲ್ಲಿ ಟೈಮರ್ ಅನ್ನುವ ಹೆಸರಿನ ಕ್ಲಾಸುಗಳು ಹಲವು. ವಿಂಡೋಸ್ ಫಾರ್ಮ್ಸ್‌ನಲ್ಲಿ ಬರುವ ಟೈಮರ್ ಕೆಲಸ ಮಾಡಬೇಕಾದರೆ ಮೆಸೇಜ್ ಲೂಪ್ ಬೇಕು, ಅಂದರೆ ಕಿಟಕಿಗಳಿಗೆ ಬರುವ ಸಂದೇಶಗಳನ್ನು ಒಂದೊಂದಾಗಿ ಎತ್ತಿಕೊಳ್ಳುವ ಚಕ್ರ. ಸರ್ವಿಸಿನಲ್ಲಿ ಅದು ಇರುವುದಿಲ್ಲ. ಆ ಟೈಮರನ್ನು ಡಿಸೈನರಿನಿಂದ ಎಳೆದು ಸರ್ವಿಸ್ ಮೇಲೆ ಹಾಕಿದರೆ ಕಂಪೈಲ್ ಆಗುತ್ತದೆ, ಶುರುವಾಗುತ್ತದೆ, ಎರರ್ ಬರುವುದಿಲ್ಲ, ಒಂದೇ ಒಂದು ಟಿಕ್ ಕೂಡ ಬರುವುದಿಲ್ಲ. ಇದನ್ನು ಕಂಡುಹಿಡಿಯುವುದು ಸುಲಭ, ಯಾಕೆಂದರೆ ಇದು ಮೊದಲ ದಿನದಿಂದಲೇ ಓಡುವುದಿಲ್ಲ.

ಕಷ್ಟ ಕೊಡುವುದು ಇನ್ನೊಂದು. ಕೆಲವು ಗಂಟೆ ಚೆನ್ನಾಗಿ ಓಡಿ ಆಮೇಲೆ ನಿಲ್ಲುವ ಟೈಮರ್. ಸಿಸ್ಟಮ್.ಥ್ರೆಡಿಂಗ್.ಟೈಮರ್ ಅನ್ನುವ ಕ್ಲಾಸಿನ ದಾಖಲೆಯಲ್ಲೇ ಸ್ಪಷ್ಟವಾಗಿ ಬರೆದಿದ್ದಾರೆ: ಟೈಮರನ್ನು ಬಳಸುವಷ್ಟು ಕಾಲ ಅದಕ್ಕೊಂದು ರೆಫರೆನ್ಸ್ ಹಿಡಿದಿಟ್ಟುಕೊಂಡಿರಬೇಕು, ಇಲ್ಲದಿದ್ದರೆ ಅದು ಓಡುತ್ತಿದ್ದರೂ ಸರಿ, ಬಳಕೆಯಲ್ಲಿಲ್ಲದ ಮೆಮೊರಿಯನ್ನು ತೆರವು ಮಾಡುವ ಗಾರ್ಬೇಜ್ ಕಲೆಕ್ಟರ್ ಎತ್ತಿಕೊಂಡು ಹೋಗಬಹುದು. ಸರ್ವಿಸಿನ ಆನ್‌ಸ್ಟಾರ್ಟ್ (ಸರ್ವಿಸ್ ಶುರುವಾಗುವಾಗ ಓಡುವ ಮೆಥಡ್) ಒಳಗೆ ಲೋಕಲ್ ವೇರಿಯಬಲ್ ಆಗಿ ಟೈಮರ್ ಮಾಡಿದರೆ, ಆ ಮೆಥಡ್ ಮುಗಿದ ಕ್ಷಣದಿಂದ ಟೈಮರಿಗೆ ದಿಕ್ಕಿಲ್ಲ. ಆದರೂ ಅದು ತಕ್ಷಣ ಸಾಯುವುದಿಲ್ಲ. ಮುಂದಿನ ಗಾರ್ಬೇಜ್ ಕಲೆಕ್ಷನ್ ಆಗುವ ತನಕ ನಿಯತ್ತಾಗಿ ಓಡುತ್ತದೆ. ಕೆಲಸ ಕಡಿಮೆ ಇರುವ ಸರ್ವಿಸಿನಲ್ಲಿ ಆ ಕಲೆಕ್ಷನ್ ಯಾವಾಗ ಬರುತ್ತದೋ ಹೇಳಲಾಗದು. ಒಂದು ದಿನ ಮಧ್ಯಾಹ್ನ ನಿಲ್ಲುತ್ತದೆ, ಇನ್ನೊಂದು ದಿನ ರಾತ್ರಿ. ಜನ ಆಗ ನೆಟ್‌ವರ್ಕ್ ಮೇಲೆ ಅನುಮಾನ ಪಡುತ್ತಾರೆ, ಆಂಟಿವೈರಸ್ ಮೇಲೆ ಅನುಮಾನ ಪಡುತ್ತಾರೆ, ಆ ಹೊತ್ತಿಗೆ ಓಡುವ ಬ್ಯಾಕಪ್ ಮೇಲೂ ಅನುಮಾನ ಪಡುತ್ತಾರೆ.

ಇದನ್ನು ಇನ್ನಷ್ಟು ಗೋಜಲು ಮಾಡುವುದು ಡೀಬಗ್ ಬಿಲ್ಡ್, ಅಂದರೆ ತಪ್ಪು ಹುಡುಕಲೆಂದು ಕಟ್ಟಿದ ಆವೃತ್ತಿ. ಡೆವಲಪರ್ ಇದೇ ಕೋಡನ್ನು ತನ್ನ ಮೆಷೀನಿನಲ್ಲಿ ಕನ್ಸೋಲ್ ಪ್ರೋಗ್ರಾಂ ಮಾಡಿ, ಕೊನೆಯಲ್ಲಿ ಎಂಟರ್ ಒತ್ತುವ ತನಕ ಕಾಯುವ ಒಂದು ಸಾಲು ಹಾಕಿ, ಗಂಟೆಗಟ್ಟಲೆ ಓಡಿಸಿ ನೋಡುತ್ತಾನೆ. ನಿಲ್ಲುವುದೇ ಇಲ್ಲ. ಡೀಬಗ್ ಬಿಲ್ಡಿನಲ್ಲಿ ಲೋಕಲ್ ವೇರಿಯಬಲ್‌ಗಳು ಮೆಥಡ್ ಮುಗಿಯುವ ತನಕ ಬದುಕಿರುತ್ತವೆ, ಆ ಮೆಥಡ್ ಮುಗಿಯುವುದೇ ಇಲ್ಲವಲ್ಲ. ರಿಲೀಸ್ ಬಿಲ್ಡಿನಲ್ಲಿ ಹಾಗಲ್ಲ, ವೇರಿಯಬಲ್‌ನ ಕೊನೆಯ ಬಳಕೆ ಮುಗಿದ ಮೇಲೆ ಅದನ್ನು ಎತ್ತಿಕೊಳ್ಳಬಹುದು. ಸರ್ವಿಸಿನಲ್ಲಂತೂ ಮೆಥಡ್ಡೇ ಮುಗಿದುಹೋಗಿದೆ. "ನನ್ನ ಮೆಷೀನಿನಲ್ಲಿ ಓಡುತ್ತೆ" ಅಂತ ಆತ ಹೇಳಿದರೆ ಅದು ಅಕ್ಷರಶಃ ನಿಜ, ಅವನ ಮೇಲೆ ರೇಗುವುದರಲ್ಲಿ ಅರ್ಥ ಇಲ್ಲ. ಪರಿಹಾರ ಒಂದೇ ಸಾಲು: ಟೈಮರನ್ನು ಕ್ಲಾಸಿನ ಫೀಲ್ಡ್ ಮಾಡಿ.

ಇನ್ನು ಟೈಮರ್ ಸದ್ದು ಮಾಡಿದರೂ ಕೇಳಿಸದಿರುವುದು. ಟಿಕ್ ಬಂದಾಗ ನಮ್ಮ ಕೋಡ್ ಓಡಲು ಥ್ರೆಡ್ ಪೂಲಿನಿಂದ, ಅಂದರೆ ಸಿದ್ಧವಿಟ್ಟ ಥ್ರೆಡ್ಡುಗಳ ಗುಂಪಿನಿಂದ, ಒಂದು ಥ್ರೆಡ್ ಬೇಕು. ಆ ಪೂಲಿನ ಥ್ರೆಡ್ಡುಗಳೆಲ್ಲ ಬೇರೆ ಯಾವುದಕ್ಕೋ ಕಾಯುತ್ತಾ ಕೂತಿದ್ದರೆ ಟಿಕ್ ಸಾಲಿನಲ್ಲಿ ನಿಲ್ಲುತ್ತದೆ. ಲಾಗಿನಲ್ಲಿ ಇದು ವಿಚಿತ್ರವಾಗಿ ಕಾಣುತ್ತದೆ: ತುಂಬಾ ಹೊತ್ತು ಏನೂ ಇಲ್ಲ, ಆಮೇಲೆ ಒಂದೇ ಸೆಕೆಂಡಿನಲ್ಲಿ ನಾಲ್ಕೈದು ಟಿಕ್ ಒಟ್ಟಿಗೆ. ಹಾಗೆ ಕಂಡರೆ ಟೈಮರನ್ನು ಬಿಟ್ಟು ಥ್ರೆಡ್ಡುಗಳು ಎಲ್ಲಿ ಸಿಕ್ಕಿಕೊಂಡಿವೆ ಅಂತ ಹುಡುಕಿ.

ಈಗ ನನಗೆ ಎಲ್ಲಕ್ಕಿಂತ ಜಾಸ್ತಿ ಕಾಡುವ ವಿಷಯ: ನುಂಗಿಹೋದ ಎಕ್ಸೆಪ್ಶನ್, ಅಂದರೆ ಕೋಡ್ ಓಡುವಾಗ ಏಳುವ ತಪ್ಪಿನ ಸೂಚನೆ. ಡಾಟ್ ನೆಟ್‌ನ ಸಿಸ್ಟಮ್.ಟೈಮರ್ಸ್.ಟೈಮರ್ ತನ್ನ ಇಲ್ಯಾಪ್ಸ್ಡ್ ಹ್ಯಾಂಡ್ಲರಿನಿಂದ (ಟಿಕ್ ಬಂದಾಗ ಓಡುವ ನಮ್ಮ ಕೋಡಿನಿಂದ) ಬರುವ ಎಕ್ಸೆಪ್ಶನ್‌ಗಳನ್ನು ಹಿಡಿದು ಸದ್ದಿಲ್ಲದೆ ಬಿಸಾಕುತ್ತದೆ. ಇದು ಬಗ್ ಅಲ್ಲ, ದಾಖಲೆಯಲ್ಲಿ ಬರೆದಿಟ್ಟ ನಡತೆ. ಡೇಟಾಬೇಸ್ ಪಾಸ್‌ವರ್ಡ್ ಬದಲಾಗಿದೆ ಅಂದುಕೊಳ್ಳಿ. ಟಿಕ್ ಬರುತ್ತದೆ, ಹ್ಯಾಂಡ್ಲರ್ ಶುರುವಾಗುತ್ತದೆ, ಕನೆಕ್ಷನ್ ತೆರೆಯುವಲ್ಲಿ ಎಕ್ಸೆಪ್ಶನ್, ಅಲ್ಲಿಗೆ ಮುಗಿಯಿತು. ಐದು ನಿಮಿಷದ ಮೇಲೆ ಮತ್ತೆ ಅದೇ. ಸರ್ವಿಸ್ ಸಾಯುವುದಿಲ್ಲ, ಯಾರಿಗೂ ಹೇಳುವುದಿಲ್ಲ, ದಿನಗಟ್ಟಲೆ ಹೀಗೇ ಇರಬಲ್ಲದು.

ಜಾವಾದಲ್ಲಿ ಇನ್ನೊಂದು ಬಗೆ. ಹಳೆಯ ಟೈಮರ್ ಕ್ಲಾಸಿನಲ್ಲಿ ಒಂದು ಟಾಸ್ಕಿನಿಂದ ಹಿಡಿಯದ ಎಕ್ಸೆಪ್ಶನ್ ಬಂದರೆ ಟೈಮರಿನ ಥ್ರೆಡ್ಡೇ ಸತ್ತುಹೋಗುತ್ತದೆ, ಅದೇ ಟೈಮರಿನಲ್ಲಿದ್ದ ಬೇರೆ ಟಾಸ್ಕುಗಳೂ ಜೊತೆಗೆ ಹೋಗುತ್ತವೆ. 2004ರಲ್ಲಿ ಜಾವಾ 5 ಜೊತೆ ಬಂದ ಶೆಡ್ಯೂಲ್ಡ್ ಎಕ್ಸಿಕ್ಯೂಟರ್ ಸರ್ವಿಸ್ ಅಷ್ಟು ಕಠಿಣವಲ್ಲ, ತಪ್ಪು ಮಾಡಿದ ಟಾಸ್ಕ್ ಒಂದನ್ನೇ ನಿಲ್ಲಿಸುತ್ತದೆ. ಆದರೆ ನಿಲ್ಲಿಸುವುದು ಶಾಶ್ವತವಾಗಿ, ಅದೂ ಮಾತಿಲ್ಲದೆ. ಆ ಎಕ್ಸೆಪ್ಶನ್ ಕೆಲಸದ ಫಲಿತಾಂಶ ಇಡುವ ಫ್ಯೂಚರ್ ಅನ್ನುವ ವಸ್ತುವಿನ ಒಳಗೆ ಕೂತಿರುತ್ತದೆ. ಪದೇ ಪದೇ ಓಡುವ ಕೆಲಸದ ಫ್ಯೂಚರನ್ನು ಯಾರು ತೆರೆದು ನೋಡುತ್ತಾರೆ ಹೇಳಿ? ಹಾಗಾಗಿ ಅಲ್ಲಿ ಒಂದೇ ಒಂದು ಸಲ ನೆಟ್‌ವರ್ಕ್ ತೊದಲಿದರೆ ಸಾಕು, ಕೆಲಸ ಮತ್ತೆ ಯಾವತ್ತೂ ಓಡುವುದಿಲ್ಲ. ಒಂದು ಕಡೆ ಕೆಟ್ಟರೂ ಓಡುತ್ತಲೇ ಇರುವ ಟೈಮರ್, ಇನ್ನೊಂದು ಕಡೆ ಒಮ್ಮೆ ಕೆಟ್ಟರೆ ಏಳದ ಟೈಮರ್. ಎರಡರಲ್ಲೂ ಲಾಗ್ ಮಾತ್ರ ಖಾಲಿ. ಒಂದು ಭಾಷೆಯಿಂದ ಇನ್ನೊಂದಕ್ಕೆ ಬಂದವರು ಹಳೆಯ ಅಭ್ಯಾಸವನ್ನೇ ನಂಬಿಕೊಂಡು ಬರೆಯುವುದನ್ನು ತುಂಬಾ ಸಲ ನೋಡಿದ್ದೇನೆ, ಅದಕ್ಕೇ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ.

2021ರಲ್ಲಿ ಬಂದ ಡಾಟ್ ನೆಟ್ 6ರಲ್ಲಿ ಒಂದು ಬದಲಾವಣೆ ಆಯಿತು. ಅದಕ್ಕೆ ಮೊದಲು ಬ್ಯಾಕ್‌ಗ್ರೌಂಡ್ ಸರ್ವಿಸ್ ಕ್ಲಾಸಿನೊಳಗೆ ಹಿಡಿಯದ ಎಕ್ಸೆಪ್ಶನ್ ಬಂದರೆ ಆ ಕೆಲಸ ಮಾತ್ರ ಸತ್ತು, ಉಳಿದ ಪ್ರೋಗ್ರಾಂ ಏನೂ ಆಗಿಲ್ಲ ಅನ್ನುವ ಹಾಗೆ ಮುಂದುವರಿಯುತ್ತಿತ್ತು. ಈಗ ಎಕ್ಸೆಪ್ಶನನ್ನು ಲಾಗ್ ಮಾಡಿ ಇಡೀ ಹೋಸ್ಟ್, ಅಂದರೆ ಪ್ರೋಗ್ರಾಂ ಪೂರ್ತಿ, ನಿಂತುಬಿಡುತ್ತದೆ. ಬೇಡ ಅಂದರೆ ಹಳೆಯ ನಡತೆಗೆ ಮರಳುವ ಸೆಟ್ಟಿಂಗ್ ಇದೆ. ಅಪ್‌ಗ್ರೇಡ್ ಮಾಡಿದ ಕೂಡಲೇ ಸರ್ವಿಸ್ ಕುಸಿಯುತ್ತಿದೆ ಅಂತ ಆ ಸೆಟ್ಟಿಂಗ್ ಬದಲಿಸಲು ಹೊರಡುವವರಿಗೆ ನಾನು ಹೇಳುವುದು ಒಂದೇ, ದಯವಿಟ್ಟು ಬೇಡ. ಕುಸಿದ ಸರ್ವಿಸನ್ನು ಎಲ್ಲರೂ ನೋಡುತ್ತಾರೆ, ಆಪರೇಟಿಂಗ್ ಸಿಸ್ಟಮ್ ಬೇಕಾದರೆ ಅದನ್ನು ಮತ್ತೆ ಎಬ್ಬಿಸುತ್ತದೆ. ಅದು ಮೊದಲೂ ಕೆಡುತ್ತಲೇ ಇದ್ದಿರಬಹುದು, ಈಗ ಕಾಣುತ್ತಿದೆ.

ಹಾಗಂತ ಪ್ರತಿ ಎಕ್ಸೆಪ್ಶನ್‌ಗೂ ಪ್ರಾಸೆಸ್ ಸಾಯಬೇಕು ಅಂತಲ್ಲ. ಹ್ಯಾಂಡ್ಲರಿನ ಮೈಯೆಲ್ಲ ಎಕ್ಸೆಪ್ಶನ್ ಹಿಡಿಯುವ ಟ್ರೈ-ಕ್ಯಾಚ್ ಒಳಗೆ ಇರಲಿ. ಹಿಡಿದದ್ದನ್ನು ಸ್ಟ್ಯಾಕ್ ಟ್ರೇಸ್ (ಕೋಡ್ ಯಾವ ದಾರಿಯಲ್ಲಿ ಹೋಗಿ ಕೆಟ್ಟಿತು ಅನ್ನುವ ಜಾಡು) ಸಮೇತ ಬರೆಯಲಿ. ಕೆಟ್ಟ ಫೈಲ್ ಒಂದಿದ್ದರೆ ಅದನ್ನು ಪಕ್ಕಕ್ಕಿಟ್ಟು ಮುಂದಕ್ಕೆ ಹೋಗಲಿ. ಆದರೆ ಸತತವಾಗಿ ಕೆಲವು ಸಲ ಪೂರ್ತಿ ವಿಫಲವಾದರೆ ಸರ್ವಿಸ್ ತಾನಾಗಿ, ಗಟ್ಟಿಯಾಗಿ ಕೂಗಿ ಸಾಯಲಿ. ಎಷ್ಟು ಸಲ ಅನ್ನುವುದನ್ನು ಆ ಕೆಲಸ ಗೊತ್ತಿರುವವರು ಕೂತು ತೀರ್ಮಾನಿಸಬೇಕು, ಅದನ್ನು ಲೈಬ್ರರಿ ತೀರ್ಮಾನಿಸಲು ಬಿಡಬಾರದು.

ಒಂದು ಪ್ರಕರಣ ಹೇಳುತ್ತೇನೆ. ಮೇಲೆ ಹೇಳಿದಂಥದೇ ಸರ್ವಿಸ್, ಐದು ನಿಮಿಷಕ್ಕೊಮ್ಮೆ ಇನ್ನೊಂದು ಮೆಷೀನಿನಿಂದ ಫೈಲ್ ತರುವುದು. ಬರೆದವರು ಜಾಗರೂಕರು. ಟಿಕ್ ಬಂದ ಕೂಡಲೇ ಲಾಗಿನಲ್ಲಿ ಒಂದು ಸಾಲು ಬರೆಯುತ್ತಿದ್ದರು. ಹಿಂದಿನ ಸಲದ ಕೆಲಸ ಇನ್ನೂ ಮುಗಿದಿಲ್ಲದಿದ್ದರೆ ಎರಡನೆಯದು ಅದರ ಮೇಲೆ ಬೀಳದಿರಲಿ ಅಂತ ‘ಓಡುತ್ತಿದೆ’ ಅನ್ನುವ ಒಂದು ಫ್ಲ್ಯಾಗ್ ಇಟ್ಟಿದ್ದರು. ಅದು ಬೇಕೇ ಬೇಕು, ಯಾಕೆಂದರೆ ಹ್ಯಾಂಡ್ಲರ್ ಮುಗಿಯುವ ಮುಂಚೆಯೇ ಮುಂದಿನ ಟಿಕ್ ಬಂದರೆ ಈ ಟೈಮರುಗಳು ಇನ್ನೊಂದು ಥ್ರೆಡ್ ಮೇಲೆ ಅದೇ ಕೋಡನ್ನು ಮತ್ತೆ ಓಡಿಸುತ್ತವೆ, ಒಂದೇ ಫೈಲನ್ನು ಇಬ್ಬರು ಎತ್ತಿಕೊಂಡು ಡೇಟಾಬೇಸಿನಲ್ಲಿ ಒಂದೇ ದಾಖಲೆ ಎರಡು ಸಲ ಕೂರುತ್ತದೆ. ಹಾಗಾಗಿ ಫ್ಲ್ಯಾಗ್ ಮೇಲೆದ್ದಿದ್ದರೆ ಸುಮ್ನೆ ವಾಪಸ್ ಹೋಗು ಅಂತ ಬರೆದಿದ್ದರು. ಎಲ್ಲ ಸರಿಯಾಗೇ ಇತ್ತು. ಒಂದು ರಾತ್ರಿ ಆ ಕಡೆಯ ಮೆಷೀನಿನ ಕರೆಂಟ್ ಹೋಯಿತು. ಈ ಕಡೆ ಕೆಲಸದ ಥ್ರೆಡ್ ಸಾಕೆಟ್ (ನೆಟ್‌ವರ್ಕ್ ಕನೆಕ್ಷನ್ನಿನ ತುದಿ) ಓದುತ್ತಾ ನಿಂತಿತ್ತು. ಆ ಕಡೆಯಿಂದ ಕನೆಕ್ಷನ್ ಮುಚ್ಚುತ್ತೇನೆ ಅನ್ನುವ ಪ್ಯಾಕೆಟ್ ಬರಲೇ ಇಲ್ಲ, ಕಳಿಸಲು ಮೆಷೀನೇ ಇಲ್ಲವಲ್ಲ. ಟಿಸಿಪಿಯಲ್ಲಿ ಬರೀ ಓದಲು ಕಾಯುತ್ತಿರುವವರಿಗೆ ಎದುರಿನವರು ಮಾಯವಾದದ್ದು ತಾನಾಗಿ ಗೊತ್ತಾಗುವುದಿಲ್ಲ. ಎದುರಿನವರು ಇದ್ದಾರಾ ಅಂತ ವಿಚಾರಿಸುವ ಕೀಪ್‌ಅಲೈವ್ ಹಾಕಿದ್ದರೆ ಗೊತ್ತಾಗುತ್ತದೆ, ಆದರೂ ಲಿನಕ್ಸಿನಲ್ಲಿ ಅದರ ಮೊದಲ ವಿಚಾರಣೆ ಹೋಗುವುದೇ, ಏನೂ ಬದಲಿಸದಿದ್ದರೆ, 7200 ಸೆಕೆಂಡ್ ಅಂದರೆ ಎರಡು ಗಂಟೆಯ ಮೇಲೆ. ಇಲ್ಲಿ ಅದನ್ನೂ ಹಾಕಿರಲಿಲ್ಲ, ಟೈಮ್‌ಔಟ್ ಕೂಡ ಇರಲಿಲ್ಲ. ಆ ಥ್ರೆಡ್ ಅಲ್ಲೇ ನಿಂತಿತು. ಫ್ಲ್ಯಾಗ್ ಮೇಲೇ ಉಳಿಯಿತು. ಐದು ನಿಮಿಷಕ್ಕೊಮ್ಮೆ ಟಿಕ್ ಬಂದು, ಲಾಗಿನಲ್ಲಿ ‘ಟಿಕ್ ಬಂತು’ ಅಂತ ಬರೆದು, ಫ್ಲ್ಯಾಗ್ ನೋಡಿ ಸದ್ದಿಲ್ಲದೆ ವಾಪಸ್ ಹೋಗುತ್ತಿತ್ತು.

ಈಗ ಯೋಚನೆ ಮಾಡಿ. ಲಾಗ್ ನೋಡಿದವರಿಗೆ ಏನು ಕಂಡಿತು? ಐದು ನಿಮಿಷಕ್ಕೊಂದು ಸಾಲು, ಒಂದೂ ತಪ್ಪಿಲ್ಲ. ಸರ್ವಿಸ್ ಚೆನ್ನಾಗಿದೆ ಅಂತ ನಂಬಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ? ಹಾಗಾಗಿ ಎಲ್ಲರೂ ಡೇಟಾಬೇಸ್ ಕಡೆ ಹುಡುಕಿದರು. ಕೊನೆಗೆ ಡಂಪ್ ತೆಗೆದು ನೋಡಿದಾಗ ಸಾಕೆಟ್ ಓದುವ ಸಾಲಿನಲ್ಲಿ ನಿಂತಿದ್ದ ಒಂದೇ ಒಂದು ಥ್ರೆಡ್ ಎಲ್ಲ ಹೇಳಿತು. ನಾನು ಅಂದಿನಿಂದ ಗಟ್ಟಿಯಾಗಿ ಹಿಡಿದಿರುವ ಮಾತು ಇದು: ಟಿಕ್ ಬಂದದ್ದನ್ನು ಬರೆಯುವುದು ಸಾಕಾಗದು, ಕೆಲಸ ಮುಗಿದದ್ದನ್ನು ಬರೆಯಬೇಕು. ಶುರುವಿಗೆ ಒಂದು ಸಾಲು, ಮುಗಿದಾಗ ಒಂದು ಸಾಲು, ಕೆಲಸ ಮಾಡದೆ ವಾಪಸ್ ಹೋದರೆ ಯಾಕೆ ಅಂತ ಒಂದು ಸಾಲು. ಈ ಮೂರನೆಯದನ್ನು ಜನ ಯಾವಾಗಲೂ ಬಿಡುತ್ತಾರೆ. ‘ಹಿಂದಿನದು ಇನ್ನೂ ಓಡುತ್ತಿದೆ, 40 ನಿಮಿಷದಿಂದ’ ಅಂತ ಒಂದು ಸಾಲಿದ್ದಿದ್ದರೆ ಆ ಹುಡುಕಾಟ ಒಂದು ನೋಟದಲ್ಲಿ ಮುಗಿಯುತ್ತಿತ್ತು.

ಟೈಮ್‌ಔಟ್ ವಿಷಯದಲ್ಲಿ ಲೈಬ್ರರಿಗಳನ್ನು ಕಣ್ಣುಮುಚ್ಚಿ ನಂಬಬೇಡಿ. ಡಾಟ್ ನೆಟ್‌ನ ಎಚ್‌ಟಿಟಿಪಿ ಕ್ಲೈಂಟ್ ನೀವೇನೂ ಹೇಳದಿದ್ದರೆ 100 ಸೆಕೆಂಡ್ ಕಾಯುತ್ತದೆ, ಎಸ್‌ಕ್ಯೂಎಲ್ ಕಮಾಂಡ್ 30 ಸೆಕೆಂಡ್. ಪೈಥಾನಿನ ರಿಕ್ವೆಸ್ಟ್ಸ್ ಲೈಬ್ರರಿಯಲ್ಲಿ ನೀವು ಹೇಳದಿದ್ದರೆ ಟೈಮ್‌ಔಟ್ ಇಲ್ಲವೇ ಇಲ್ಲ. ಲಿನಕ್ಸಿನಲ್ಲಿ ಸರ್ವಿಸುಗಳನ್ನು ನಡೆಸುವ ಸಿಸ್ಟಮ್‌ಡಿಯ ಟೈಮರ್ ಬಳಸಿದರೂ ಇದೇ ಬಲೆ ಬೇರೆ ರೂಪದಲ್ಲಿ ಇದೆ. ಟೈಮರ್ ಎಬ್ಬಿಸಲು ಬಂದಾಗ ಆ ಸರ್ವಿಸ್ ಇನ್ನೂ ಓಡುತ್ತಿದ್ದರೆ ಅದು ಎರಡನೆಯದನ್ನು ಶುರು ಮಾಡುವುದಿಲ್ಲ, ಓಡುತ್ತಿರುವುದನ್ನು ಹಾಗೇ ಬಿಡುತ್ತದೆ. ಒಳ್ಳೆಯದೇ, ಫ್ಲ್ಯಾಗ್ ಬರೆಯುವ ಕೆಲಸ ಉಳಿಯಿತು. ಆದರೆ ಒನ್‌ಶಾಟ್ ಬಗೆಯ (ಒಮ್ಮೆ ಓಡಿ ಮುಗಿಯುವ) ಸರ್ವಿಸಿಗೆ ಶುರುವಾಗುವ ಟೈಮ್‌ಔಟ್ ಮೊದಲಿನಿಂದಲೇ ಆಫ್ ಆಗಿರುತ್ತದೆ. ಅದರೊಳಗಿನ ಸ್ಕ್ರಿಪ್ಟ್ ಒಮ್ಮೆ ಸಿಕ್ಕಿಕೊಂಡರೆ ಟೈಮರ್ ಮತ್ತೆಂದೂ ಅದನ್ನು ಎಬ್ಬಿಸುವುದಿಲ್ಲ. ಯೂನಿಟ್ ಫೈಲಿನಲ್ಲಿ ಟೈಮ್‌ಔಟ್‌ಸ್ಟಾರ್ಟ್‌ಸೆಕ್ ಅನ್ನುವ ಒಂದು ಸಾಲು ಹಾಕಿದರೆ ಇದು ತಪ್ಪುತ್ತದೆ.

ಇಬ್ಬರು ಒಬ್ಬರ ಮೇಲೊಬ್ಬರು ಬೀಳದಿರಲು ನನಗೆ ಇಷ್ಟವಾದ ದಾರಿ ಫ್ಲ್ಯಾಗ್ ಅಲ್ಲ. ಟೈಮರನ್ನು ಒಂದೇ ಸಲ ಸದ್ದು ಮಾಡುವ ಹಾಗೆ ಇಟ್ಟು, ಕೆಲಸ ಮುಗಿದ ಮೇಲೆ, ಎಕ್ಸೆಪ್ಶನ್ ಬಂದರೂ ಓಡುವ ಫೈನಲಿ ಬ್ಲಾಕಿನಲ್ಲಿ ಮತ್ತೆ ಚಾಲೂ ಮಾಡುವುದು. ಫೈನಲಿಯಲ್ಲೇ ಮಾಡಬೇಕು, ಟ್ರೈ ಒಳಗಿನ ಕೊನೆಯ ಸಾಲಿನಲ್ಲಿ ಮಾಡಿದರೆ ಒಂದು ಎಕ್ಸೆಪ್ಶನ್ ಬಂದ ದಿನ ಟೈಮರ್ ಕೂಡ ಸಾಯುತ್ತದೆ. ಇನ್ನೂ ಸರಳ ಬೇಕೆಂದರೆ ಟೈಮರನ್ನೇ ಬಿಡಿ. ಒಂದು ಲೂಪ್, ಒಳಗೆ ಕೆಲಸ, ಆಮೇಲೆ ಕಾಯುವುದು. ಡಾಟ್ ನೆಟ್ 6ರಿಂದ ಪೀರಿಯಾಡಿಕ್ ಟೈಮರ್ ಅಂತ ಇದಕ್ಕೆಂದೇ ಒಂದು ಕ್ಲಾಸ್ ಇದೆ. ಓದುವವರಿಗೆ ಮೇಲಿನಿಂದ ಕೆಳಗೆ ಅರ್ಥವಾಗುವ ಕೋಡ್ ಅದು, ಡೀಬಗ್ ಮಾಡಲೂ ಹಗುರ.

ಸುತ್ತಲಿನ ಪರಿಸರದ ತೊಂದರೆಗಳನ್ನು ಬೇಗ ಹೇಳಿ ಮುಗಿಸುತ್ತೇನೆ, ಅವು ಜಾಸ್ತಿ ಚರ್ಚೆಯಾದ ವಿಷಯಗಳು. ಆನ್‌ಸ್ಟಾರ್ಟ್ ಒಳಗೇ ದೊಡ್ಡ ಕೆಲಸ ಮಾಡಲು ಹೋದರೆ ಸುಮಾರು 30 ಸೆಕೆಂಡಿನ ಗಡುವು ದಾಟಿ ವಿಂಡೋಸ್ 1053 ಅನ್ನುವ ಎರರ್ ಕೊಡುತ್ತದೆ, ಅಲ್ಲಿ ಟೈಮರ್ ಚಾಲೂ ಮಾಡಿ ಕೂಡಲೇ ವಾಪಸ್ ಬರಬೇಕು. ಸರ್ವಿಸಿನ ಕರೆಂಟ್ ಡೈರೆಕ್ಟರಿ ನಿಮ್ಮ ಪ್ರೋಗ್ರಾಂ ಇರುವ ಫೋಲ್ಡರ್ ಅಲ್ಲ, ವಿಂಡೋಸಿನ ಸಿಸ್ಟಮ್32, ಹಾಗಾಗಿ ಫೋಲ್ಡರಿನ ಪೂರ್ತಿ ವಿಳಾಸ ಕೊಡದೆ ಬರೆದ ಲಾಗ್ ಫೈಲ್ ಎಲ್ಲೋ ಇರುತ್ತದೆ ಅಥವಾ ಅನುಮತಿ ಇಲ್ಲದೆ ಹುಟ್ಟುವುದೇ ಇಲ್ಲ. ನೀವು ಲಾಗಿನ್ ಆಗಿ ಮ್ಯಾಪ್ ಮಾಡಿದ ನೆಟ್‌ವರ್ಕ್ ಡ್ರೈವ್ ಸರ್ವಿಸಿನ ಅಕೌಂಟಿಗೆ ಕಾಣುವುದಿಲ್ಲ. ವಿಂಡೋಸ್ ವಿಸ್ತಾದಿಂದ ಈಚೆಗೆ ಸರ್ವಿಸುಗಳು ಸೆಷನ್ 0ಯಲ್ಲಿ ಬೇರೆಯಾಗಿ ಓಡುತ್ತವೆ, ಅಲ್ಲೊಂದು ಮೆಸೇಜ್ ಬಾಕ್ಸ್ ತೆರೆದರೆ ಯಾರೂ ನೋಡದ ಜಾಗದಲ್ಲಿ ಯಾರೋ ಓಕೆ ಒತ್ತಲಿ ಅಂತ ಅದು ಕಾಯುತ್ತಲೇ ಇರುತ್ತದೆ. ಲಿನಕ್ಸಿನಲ್ಲಿ ಹೇಳಿದ ಹೊತ್ತಿಗೆ ಕಮಾಂಡ್ ಓಡಿಸುವ ಕ್ರಾನ್ ಆದರೆ ಪಾತ್ ವೇರಿಯಬಲ್ (ಕಮಾಂಡ್ ಹುಡುಕುವ ಫೋಲ್ಡರುಗಳ ಪಟ್ಟಿ) ತುಂಬಾ ಚಿಕ್ಕದು, ನಿಮ್ಮ ಶೆಲ್ಲಿನಲ್ಲಿ ಓಡಿದ ಕಮಾಂಡ್ ಅಲ್ಲಿ ಸಿಗುವುದೇ ಇಲ್ಲ.

ಸಮಯದ ವಿಷಯಕ್ಕೆ ಬರೋಣ, ಇಲ್ಲಿ ಸ್ವಲ್ಪ ನಿಲ್ಲಬೇಕು. ಟೈಮರ್ ಅಂದರೆ ಕೊನೆಗೂ ಯಾವುದೋ ಒಂದು ಎಣಿಕೆ. ಆ ಎಣಿಕೆಗೆ ಎಷ್ಟು ಜಾಗ ಕೊಟ್ಟಿದ್ದಾರೆ ಅನ್ನುವುದು ಎಷ್ಟೋ ದಿನ ಮುಖ್ಯವಾಗುವುದಿಲ್ಲ, ಒಂದು ದಿನ ಮುಖ್ಯವಾಗುತ್ತದೆ. 32 ಬಿಟ್‌ನಲ್ಲಿ ಮಿಲಿಸೆಕೆಂಡ್ ಎಣಿಸಿದರೆ 49.7 ದಿನಕ್ಕೆ ತುಂಬಿ ಸೊನ್ನೆಗೆ ಬರುತ್ತದೆ. ವಿಂಡೋಸ್ 95 ಮತ್ತು 98 ಹೀಗೇ ಅಷ್ಟು ದಿನ ಸತತವಾಗಿ ಓಡಿದರೆ ಹ್ಯಾಂಗ್ ಆಗುತ್ತಿದ್ದವು. ಋಣ ಸಂಖ್ಯೆಗೂ ಜಾಗ ಬಿಟ್ಟರೆ ಅರ್ಧ, 24.9 ದಿನ. ನೋಡ್ ಜೆಎಸ್‌ನಲ್ಲಿ (ಜಾವಾಸ್ಕ್ರಿಪ್ಟ್ ಓಡಿಸುವ ವೇದಿಕೆ) ಒಂದು ತಿಂಗಳಿಗೊಮ್ಮೆ ಓಡಲಿ ಅಂತ ಸೆಟ್‌ಇಂಟರ್ವಲ್‌ಗೆ ಮಿಲಿಸೆಕೆಂಡ್ ಲೆಕ್ಕ ಹಾಕಿ ಕೊಟ್ಟರೆ ಆ ಸಂಖ್ಯೆ 2147483647 ದಾಟುತ್ತದೆ, ಆಗ ನೋಡ್ ಅದನ್ನು 1 ಮಿಲಿಸೆಕೆಂಡ್ ಅಂತ ತೆಗೆದುಕೊಳ್ಳುತ್ತದೆ. ತಿಂಗಳಿಗೊಮ್ಮೆ ಹೋಗಬೇಕಾದ ಮೇಲ್ ಬಿಡುವಿಲ್ಲದೆ ಹೋಗತೊಡಗುತ್ತದೆ.

2015ರಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಬೋಯಿಂಗ್ 787 ಬಗ್ಗೆ ಒಂದು ಆದೇಶ ಹೊರಡಿಸಿತು. ಜನರೇಟರ್ ನಿಯಂತ್ರಿಸುವ ಘಟಕಗಳು 248 ದಿನ ಸತತವಾಗಿ ಚಾಲೂ ಇದ್ದರೆ ಅವುಗಳೊಳಗಿನ ಒಂದು ಕೌಂಟರ್ ತುಂಬಿ, ವಿಮಾನದ ವಿದ್ಯುತ್ತೇ ಹೋಗಬಹುದು ಅಂತ. ಸೆಕೆಂಡಿನ ನೂರನೇ ಒಂದು ಭಾಗವನ್ನು 31 ಬಿಟ್‌ನಲ್ಲಿ ಎಣಿಸಿ ನೋಡಿ, ಸರಿಯಾಗಿ ಅಷ್ಟೇ ದಿನ ಬರುತ್ತದೆ. 1991ರ ಫೆಬ್ರವರಿ 25ರಂದು ಸೌದಿ ಅರೇಬಿಯಾದ ದಹರಾನ್‌ನಲ್ಲಿ ಪೇಟ್ರಿಯಾಟ್ ಕ್ಷಿಪಣಿ ವ್ಯವಸ್ಥೆ ಬರುತ್ತಿದ್ದ ಸ್ಕಡ್ ಕ್ಷಿಪಣಿಯನ್ನು ಹಿಡಿಯಲಿಲ್ಲ, 28 ಸೈನಿಕರು ಸತ್ತರು. ಅಲ್ಲಿ ಕೌಂಟರ್ ತುಂಬಿರಲಿಲ್ಲ. ಸೆಕೆಂಡಿನ ಹತ್ತನೇ ಒಂದು ಭಾಗವನ್ನು ಬೈನರಿಯಲ್ಲಿ ಪೂರ್ತಿಯಾಗಿ ಬರೆಯಲಾಗದು, 24 ಬಿಟ್‌ಗೆ ಕತ್ತರಿಸಿದಾಗ ಒಂದು ಚಿಕ್ಕ ತಪ್ಪು ಉಳಿಯುತ್ತದೆ. ಸುಮಾರು 100 ಗಂಟೆ ಸತತವಾಗಿ ಓಡಿದ ಮೇಲೆ ಆ ತಪ್ಪು ಕೂಡಿ ಕೂಡಿ ಸೆಕೆಂಡಿನ ಮೂರನೇ ಒಂದು ಭಾಗ ಆಗಿತ್ತು. ನಮ್ಮ ಫೈಲ್ ಸಾಗಿಸುವ ಸರ್ವಿಸಿಗೂ ಇದಕ್ಕೂ ಹೋಲಿಕೆ ಇಲ್ಲ, ಗೊತ್ತು. ಆದರೆ ದೀರ್ಘಕಾಲ ಓಡುವ ಯಾವುದನ್ನೇ ಬರೆಯುವವರೂ ಇದನ್ನು ತಿಳಿದಿರಬೇಕು ಅಂತ ನನ್ನ ನಂಬಿಕೆ. ಟೆಸ್ಟ್ ಮಾಡುವಾಗ ನಾವು ಯಾರೂ ಅಷ್ಟು ಹೊತ್ತು ಓಡಿಸುವುದಿಲ್ಲ.

ಲಿನಕ್ಸ್ ಕರ್ನಲ್ ಬರೆದವರು ಇದಕ್ಕೆ ಕಂಡುಕೊಂಡ ಉಪಾಯ ನನಗೆ ತುಂಬಾ ಇಷ್ಟ. ಜಿಫ್ಫೀಸ್ ಅನ್ನುವ ಅವರ ಟಿಕ್ ಕೌಂಟರನ್ನು ಸೊನ್ನೆಯಿಂದ ಶುರು ಮಾಡುವುದಿಲ್ಲ. 32 ಬಿಟ್ ಲೆಕ್ಕದಲ್ಲಿ ಬೂಟ್ ಆಗಿ ಐದೇ ನಿಮಿಷಕ್ಕೆ ತುಂಬಿ ತಿರುಗುವ ಹಾಗೆ ಬೇಕೆಂದೇ ಇಟ್ಟಿದ್ದಾರೆ. ಯಾವುದಾದರೂ ಡ್ರೈವರ್ ಆ ತಿರುವನ್ನು ತಪ್ಪಾಗಿ ಲೆಕ್ಕ ಹಾಕಿದ್ದರೆ ಎಷ್ಟೋ ದಿನಗಳ ಮೇಲೆ ಯಾರದೋ ಸರ್ವರಿನಲ್ಲಿ ಕೆಡುವ ಬದಲು, ಬರೆದವರ ಮೇಜಿನ ಮೇಲೇ ಐದು ನಿಮಿಷದಲ್ಲಿ ಕೆಡುತ್ತದೆ.

ಗೋಡೆ ಗಡಿಯಾರದ ಸಮಯವನ್ನು ನಂಬಿ ಎಷ್ಟು ಹೊತ್ತಾಯಿತು ಅಂತ ಅಳೆಯುವುದೂ ಇದೇ ಜಾತಿಯ ತೊಂದರೆ. ಗಡಿಯಾರ ಹಿಂದಕ್ಕೆ ಹೋಗುತ್ತದೆ. ನೆಟ್‌ವರ್ಕ್ ಮೂಲಕ ಸಮಯ ಹೊಂದಿಸುವ ಎನ್‌ಟಿಪಿ ಸರಿಪಡಿಸುತ್ತದೆ, ಯಾರೋ ಕೈಯಿಂದ ಬದಲಿಸುತ್ತಾರೆ, ಬೇಸಿಗೆ ಸಮಯ ಇರುವ ದೇಶಗಳಲ್ಲಿ ವರ್ಷಕ್ಕೊಮ್ಮೆ ಒಂದು ಗಂಟೆ ಇರುವುದೇ ಇಲ್ಲ, ಇನ್ನೊಮ್ಮೆ ಒಂದು ಗಂಟೆ ಎರಡು ಸಲ ಬರುತ್ತದೆ. ನಡುವಿನ ಅವಧಿ ಅಳೆಯಲು ಹಿಂದಕ್ಕೆ ಹೋಗದ ಮೋನೋಟಾನಿಕ್ ಗಡಿಯಾರ ಬಳಸಿ. ಅದೂ ಲಿನಕ್ಸಿನಲ್ಲಿ ಮೆಷೀನ್ ಸಸ್ಪೆಂಡ್ ಆಗಿದ್ದಷ್ಟು ಹೊತ್ತು ನಿಲ್ಲುತ್ತದೆ, ಅದನ್ನು ನೆನಪಿಟ್ಟುಕೊಂಡು.

ಇಷ್ಟೆಲ್ಲ ಕಾರಣ ಗೊತ್ತಿದ್ದರೂ ಮುಂದಿನ ಸಲ ಹೊಸದೊಂದು ಕಾರಣಕ್ಕೆ ನಿಲ್ಲುತ್ತದೆ. ಅದಕ್ಕೇ ಕಾವಲು ಹೊರಗಿನಿಂದ ಬೇಕು. ಇದರಲ್ಲಿ ನನಗೆ ಮಾದರಿ ಮಾರ್ಸ್ ಪಾತ್‌ಫೈಂಡರ್. 1997ರ ಜುಲೈ 4ರಂದು ಮಂಗಳನ ಮೇಲೆ ಇಳಿದ ಆ ನೌಕೆ ಹವಾಮಾನದ ಮಾಹಿತಿ ಕಲೆಹಾಕತೊಡಗಿದ ಕೆಲವು ದಿನಗಳಲ್ಲೇ ಮತ್ತೆ ಮತ್ತೆ ರೀಸೆಟ್ ಆಗತೊಡಗಿತು. ಒಂದು ವಾಚ್‌ಡಾಗ್ ಟೈಮರ್ ಅದನ್ನು ಮಾಡುತ್ತಿತ್ತು. ಹೆಚ್ಚು ಪ್ರಾಮುಖ್ಯದ ಒಂದು ಟಾಸ್ಕ್ ಸರಿಯಾದ ಹೊತ್ತಿಗೆ ಮುಗಿಯದಿದ್ದರೆ ಏನೋ ಕೆಟ್ಟಿದೆ ಅಂತ ಇಡೀ ವ್ಯವಸ್ಥೆಯನ್ನು ಮತ್ತೆ ಶುರು ಮಾಡುವುದು ಅದರ ಕೆಲಸ. ಆ ಟಾಸ್ಕಿಗೆ ಬೇಕಾದ ಲಾಕನ್ನು (ಒಂದು ಸಲಕ್ಕೆ ಒಬ್ಬರೇ ಹಿಡಿಯಬಹುದಾದ ಬೀಗ) ಕಡಿಮೆ ಪ್ರಾಮುಖ್ಯದ ಹವಾಮಾನದ ಟಾಸ್ಕ್ ಹಿಡಿದಿತ್ತು, ನಡುವಿನ ದರ್ಜೆಯ ಸಂವಹನದ ಟಾಸ್ಕ್ ಅದನ್ನು ಓಡಲು ಬಿಡುತ್ತಿರಲಿಲ್ಲ. ಎಂಜಿನಿಯರುಗಳು ಭೂಮಿಯ ಮೇಲಿದ್ದ ಪ್ರತಿಕೃತಿಯಲ್ಲಿ ಟ್ರೇಸಿಂಗ್ ಹಾಕಿ ಓಡಿಸಿ ಓಡಿಸಿ ಅದೇ ರೀಸೆಟ್ ಬರುವಂತೆ ಮಾಡಿದರು, ಕಾರಣ ಹಿಡಿದರು, ಆ ಲಾಕಿನ ಒಂದು ಸೆಟ್ಟಿಂಗನ್ನು ಮಂಗಳಕ್ಕೆ ಕಳಿಸಿ ಬದಲಿಸಿದರು. ಅಲ್ಲಿ ರೀಸೆಟ್ ನೌಕೆಯನ್ನು ಕಾಪಾಡಿತು, ಆದರೆ ಅವರು ರೀಸೆಟ್ ಆಗುತ್ತಿದೆಯಲ್ಲ ಸಾಕು ಅಂತ ಕೂರಲಿಲ್ಲ.

ನಮ್ಮ ಸರ್ವಿಸಿಗೆ ಅಷ್ಟು ಬೇಡ. ಡೇಟಾಬೇಸಿನಲ್ಲಿ ಒಂದು ಸಾಲು ಸಾಕು: ಕೊನೆಯ ಸಲ ಕೆಲಸ ಪೂರ್ತಿ ಮುಗಿದದ್ದು ಯಾವಾಗ, ಎಷ್ಟು ಫೈಲ್ ಸಾಗಿಸಿತು. ಫೈಲೇ ಬಂದಿರದಿದ್ದರೆ ಸೊನ್ನೆ ಅಂತ ಬರೆಯಲೇಬೇಕು, ಇಲ್ಲದಿದ್ದರೆ ಕೆಲಸ ಇರಲಿಲ್ಲ ಅನ್ನುವುದಕ್ಕೂ ಕೆಲಸ ಮಾಡಲಿಲ್ಲ ಅನ್ನುವುದಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಈ ಸಾಲನ್ನು ಕೆಲಸ ಮಾಡುವ ಥ್ರೆಡ್ಡೇ, ಕೆಲಸ ಮುಗಿಸಿದ ಮೇಲೆ ಬರೆಯಬೇಕು. ಅದು ಬಿಟ್ಟು ‘ಬದುಕಿದ್ದೇನೆ’ ಅಂತ ಹೇಳಲೆಂದೇ ಇನ್ನೊಂದು ಟೈಮರ್ ಇಟ್ಟರೆ, ಕೆಲಸದ ಥ್ರೆಡ್ ಸಿಕ್ಕಿಕೊಂಡಿದ್ದರೂ ಅದು ಚೆನ್ನಾಗಿದ್ದೇನೆ ಅಂತ ಹೇಳುತ್ತಲೇ ಇರುತ್ತದೆ. ಆಮೇಲೆ ಬೇರೆ ಮೆಷೀನಿನಲ್ಲಿ ಒಂದು ಚಿಕ್ಕ ಪ್ರೋಗ್ರಾಂ ಆ ಸಾಲನ್ನು ನೋಡುತ್ತಿರಲಿ. ಐದು ನಿಮಿಷದ ಕೆಲಸಕ್ಕೆ ಹದಿನೈದು ನಿಮಿಷವಾದರೂ ಹೊಸ ಸಮಯ ಬರದಿದ್ದರೆ ಮೆಸೇಜ್ ಕಳಿಸಲಿ. ಆ ಮೆಸೇಜಿನಲ್ಲಿ ಕೊನೆಯ ಯಶಸ್ಸಿನ ಸಮಯ, ಕಾಯುತ್ತಿರುವ ಫೈಲುಗಳ ಸಂಖ್ಯೆ, ಕೊನೆಯ ಎಕ್ಸೆಪ್ಶನ್ ಮೂರೂ ಇದ್ದರೆ ನಡುರಾತ್ರಿ ಎದ್ದು ನೋಡುವವರಿಗೆ ಅರ್ಧ ಕೆಲಸ ಮುಗಿದ ಹಾಗೆ.

ಇದನ್ನು ಕಟ್ಟಿದ ಮೇಲೆ ಟೆಸ್ಟ್ ಸರ್ವರಿನಲ್ಲಿ ಬೇಕೆಂದೇ ಕೆಡಿಸಿ ನೋಡಿ. ಸರ್ವಿಸ್ ನಿಲ್ಲಿಸಿ ನೋಡುವುದು ಸುಲಭದ್ದು, ಅದು ಸಾಕಾಗುವುದಿಲ್ಲ. ಡೇಟಾಬೇಸಿನ ಪಾಸ್‌ವರ್ಡ್ ಬದಲಿಸಿ. ಫೈರ್‌ವಾಲಿನಲ್ಲಿ ಆ ಕಡೆಯ ಮೆಷೀನಿನ ಪ್ಯಾಕೆಟ್‌ಗಳನ್ನು ತಿರಸ್ಕರಿಸದೆ ಸುಮ್ನೆ ಬೀಳಿಸುವ ನಿಯಮ ಹಾಕಿ, ಅದೂ ಕನೆಕ್ಷನ್ ತೆರೆದ ಮೇಲೆ, ಓದುತ್ತಿರುವಾಗ. ಡಿಸ್ಕ್ ತುಂಬಿಸಿ. ಪ್ರತಿ ಸಲವೂ ಹದಿನೈದು ನಿಮಿಷ ಕಾಯಿರಿ. ಮೆಸೇಜ್ ಬಂತಾ, ಅದರಲ್ಲಿ ಬರೆದದ್ದು ನೀವು ಕೆಡಿಸಿದ್ದಕ್ಕೆ ಹೊಂದುತ್ತದಾ, ಸರಿಮಾಡಿದ ಮೇಲೆ ಯಾರೂ ಮುಟ್ಟದೆ ಸರ್ವಿಸ್ ತಾನಾಗಿ ಎದ್ದಿತಾ ಅಂತ ನೋಡಿ. ಫೈರ್‌ವಾಲಿನ ಆ ಒಂದು ಪರೀಕ್ಷೆಯಲ್ಲೇ ಹೆಚ್ಚಿನವು ಬೀಳುತ್ತವೆ, ಹಾಗಾಗಿ ಸಮಯ ಕಡಿಮೆ ಇದ್ದರೆ ಅದರಿಂದಲೇ ಶುರು ಮಾಡಿ.